ಚಪ್ಪಾಳೆಯಡಿ ಮುಳುಗಿದ ಸ್ವರ

ಫ್ರಾನ್ಸಿನ ರೂಆನ್ ಪಟ್ಟಣದ ಸಂಗೀತ ನಾಟಕಶಾಲೆಯಲ್ಲಿ ಹೊಸ ಗಾಯಕಿಯನ್ನು ಒಪ್ಪಿಕೊಳ್ಳುವವರು ಮಾಲೀಕರಲ್ಲ, ಪ್ರೇಕ್ಷಕರು. ಮೂರು ಸಂಜೆ ಹಾಡಿಸಿ ನೋಡುತ್ತಾರೆ. ಮೂರನೆಯ ಸಂಜೆ ಚಪ್ಪಾಳೆ ಬಿದ್ದರೆ ವರ್ಷವಿಡೀ ಕೆಲಸ. ಸಿಳ್ಳೆ ಬಿದ್ದರೆ ಗಂಟುಮೂಟೆ ಕಟ್ಟಬೇಕು.

ಒನೊರಿನ್‌ಗೆ ಅದು ಮೂರನೆಯ ಸಂಜೆ. ಪ್ಯಾರಿಸ್ಸಿನಲ್ಲಿ ವರ್ಷಗಟ್ಟಲೆ ನಾಯಕಿಯಾಗಿ ಹಾಡಿದವಳ ಗಂಟಲು ಈಗ ಬಾಡಿತ್ತು. ಕೊನೆಯ ಅಂಕದ ಹಾಡಿನ ತುದಿಯಲ್ಲಿ ಬರುವ ತಾರಸ್ಥಾಯಿಯ ಸ್ವರ ಬಹಳ ದಿನಗಳಿಂದ ಎಟುಕುತ್ತಿರಲಿಲ್ಲ. ಇಲ್ಲಿಯೂ ಬೇಡವೆಂದರೆ ಅವಳಿಗೆ ಹಾಡಲು ಜಾಗವೇ ಉಳಿಯುತ್ತಿರಲಿಲ್ಲ.

"ಹೆದರ್ಕೋಬೇಡಿ ಮದಾಮ್," ಎಂದ ಕುರ್ತ್ವಾ. ಅವನು ದುಡ್ಡು ಪಡೆದು ಪ್ರೇಕ್ಷಕರ ನಡುವೆ ಕೂತು ಕೈ ತಟ್ಟುವ ಬಾಡಿಗೆ ಚಪ್ಪಾಳೆಯವರ ಮೇಸ್ತ್ರಿ. "ಹೋದ ಎರಡು ಸಲದ ಹಾಗೇ. ನೀವು ಬಾಯಿ ತೆಗೀತಿದ್ದ ಹಾಗೇ ನಮ್ಮೋರು ಶುರು ಹಚ್ಕೋತಾರೆ. ಸ್ವರ ಬಂತೋ ಬಿಡ್ತೋ, ಆ ದೇವರಿಗೂ ಗೊತ್ತಾಗಲ್ಲ."

"ದೇವರಿಗೆ ಗೊತ್ತಾಗದಿದ್ರೂ ಗ್ಯಾಲರಿಯೋರಿಗೆ ಗೊತ್ತಾಗತ್ತೆ," ಎಂದು ಗೊಣಗಿದಳು ಸಿದೊನಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ. ಪ್ಯಾರಿಸ್ಸಿನಿಂದಲೂ ಒನೊರಿನ್‌ಗೆ ವೇಷ ತೊಡಿಸುತ್ತ ಬಂದ ಮುದುಕಿ. ಒಂದು ದಿನವೂ ಅವಳಿಗೆ ಸುಳ್ಳು ಹೇಳಿದವಳಲ್ಲ.

"ಪಿನ್ನು ನುಂಗ್‌ಬಿಟ್ಟೀಯ ಅಜ್ಜಿ, ಬಾಯಿ ಮುಚ್ಚು," ಎಂದು ನಗುತ್ತ ಕುರ್ತ್ವಾ ಹೊರಟುಹೋದ.

ಕೊನೆಯ ಅಂಕದಲ್ಲಿ ಹಾಡು ಮೇಲೇರಿತು. ಒನೊರಿನ್ ಅಭ್ಯಾಸಬಲದಿಂದ ಉಸಿರು ತುಂಬಿಕೊಂಡು ಬಾಯಿ ತೆರೆದಳು.

ಸ್ವರ ಬಂತು. ಇಷ್ಟು ದಿನ ಎಲ್ಲಿ ಅಡಗಿತ್ತೋ, ಚೂರೂ ನಡುಗದೆ ಬಂತು. ಹಣೆಯ ಮೂಳೆಗೆ ಅದು ತಾಕಿದ್ದು ಅವಳಿಗೆ ತಿಳಿಯಿತು. ಕಿವಿಗೆ ಮಾತ್ರ ಬೀಳಲಿಲ್ಲ. ಕುರ್ತ್ವಾನ ಕಡೆಯವರು ಆಗಲೇ ಚಪ್ಪಾಳೆ ಶುರುಮಾಡಿದ್ದರು.

ಗ್ಯಾಲರಿಯಿಂದ ಸಿಳ್ಳೆ ಎದ್ದಿತು.

"ಮೂರು ಸಲಾನೂ ಅಲ್ಲೇ ಚಪ್ಪಾಳೆ! ನಮ್ಮನ್ನೇನು ಕಿವುಡ್ರು ಅನ್ಕೊಂಡ್ರಾ?"

"ಪ್ಯಾರಿಸ್‌ನೋರು ಬಿಸಾಕಿದ್ದೆಲ್ಲ ನಮ್ಮೂರಿಗೇನಾ?"

"ಇನ್ನೊಂದ್ಸಲ ಹಾಡಮ್ಮಾ! ಯಾರೂ ಕೈ ತಟ್ಟಕೂಡ್ದು!"

ವಾದ್ಯದವರ ಮುಖ್ಯಸ್ಥ ಅವಳತ್ತ ನೋಡಿದ. ಈಗಷ್ಟೇ ಬಂದದ್ದು ಮತ್ತೆ ಬಾರದೇ ಇದ್ದೀತೇ ಎಂದುಕೊಂಡು ಅವಳು ಆಗಲಿ ಎಂದು ತಲೆಯಾಡಿಸಿದಳು. ಕುರ್ತ್ವಾನವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಗ್ಯಾಸ್ ದೀಪಗಳ ಉಸಿರು ಕೇಳುವಷ್ಟು ನಿಶ್ಶಬ್ದ. ಹಾಡು ಮತ್ತೆ ಮೇಲೇರಿತು, ಅವಳು ಬಾಯಿ ತೆರೆದಳು.

ಬರಿಯ ಗಾಳಿ ಬಂತು.

ತಕ್ಷಣ ಯಾರೂ ಸಿಳ್ಳೆ ಹಾಕಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಆಮೇಲೆ, ಪದ್ಧತಿಯಂತೆ ಕರಿಕೋಟಿನ ವ್ಯವಸ್ಥಾಪಕ ಪರದೆಯ ಮುಂದೆ ಬಂದು ಬಗ್ಗಿ ನಮಸ್ಕರಿಸಿ, ಈ ಗಾಯಕಿ ನಿಮಗೆ ಒಪ್ಪಿಗೆಯೇ ಎಂದು ಕೇಳಿದ. ಉತ್ತರವಾಗಿ ಎದ್ದ ಸಿಳ್ಳೆ ವೇಷದ ಕೋಣೆಯವರೆಗೂ ಕೇಳಿಸಿತು.

ಅಲ್ಲಿ ಸಿದೊನಿ ಒನೊರಿನ್‌ಳ ಕೂದಲಿನ ಪಿನ್ನುಗಳನ್ನು ತೆಗೆಯುತ್ತಿದ್ದಳು.

"ಇವತ್ತು ಮೊದಲ್ನೇ ಸಲ ಹಾಡ್ದಾಗ ಬಂದಿತ್ತು ಸಿದೊನಿ. ಆ ಚಪ್ಪಾಳೆ ಹೊತ್ತಲ್ಲಿ. ನಿಜವಾಗ್ಲೂ ಬಂದಿತ್ತು. ನೀನು ಪರದೆ ಪಕ್ಕದಲ್ಲೇ ಇದ್ಯಲ್ಲ, ಕೇಳಿಸ್ತಾ?"

ಮುದುಕಿಯ ಕೈ ನಿಂತಿತು. ಹೂಂ ಅಂದುಬಿಡಲಿ ಎಂದು ಒನೊರಿನ್ ಬಯಸಿದಳು.

"ಇಲ್ಲ ಮಗಳೇ. ಚಪ್ಪಾಳೆ ತುಂಬ ಜೋರಾಗಿತ್ತು."

ಒನೊರಿನ್ ಉಳಿದ ಪಿನ್ನುಗಳು ಮುದುಕಿಯ ಕೈಗೆ ಸಿಗಲೆಂದು ತಲೆ ಬಗ್ಗಿಸಿದಳು.