ಮೊಣಕೈ ಎತ್ತರದ ಕಿಟಕಿ

“ಹೊರಗೆ ಏನಿದೆ?” ಎಂದು ಹೆಂಡತಿ ಮತ್ತೆ ಕೇಳಿದಾಗ ಅವನು ಕಿಟಕಿಯ ಕೆಳಗಿನ ಗೋಡೆಯನ್ನು ಗೇಣು ಹಾಕಿ ಅಳೆಯುತ್ತಿದ್ದ.

ಅಳೆಯುವ ಅಗತ್ಯವೇನೂ ಇರಲಿಲ್ಲ. ಅವನು ವಾಸ್ತುಶಿಲ್ಪಿ, ಈ ಆಸ್ಪತ್ರೆ ಅವನದೇ ನಕ್ಷೆ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ, ಅವಳ ಮೊಣಕೈ ಬರುವಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಆಮೇಲೆ ಊರಿನ ಗ್ರಂಥಾಲಯಕ್ಕೂ ಕೋರ್ಟಿಗೂ ಶಾಲೆಗೂ ಅದೇ ಎತ್ತರದಲ್ಲಿ ಕಿಟಕಿ. ಮೊಣಕೈ ಊರಿ ನಿಂತವರಿಗೆ ಹಾಯೆನಿಸುತ್ತಿತ್ತು. ಜನ ಕಿಟಕಿ ಸಾಹೇಬ ಎಂದು ಕರೆದರೆ ಅವನಿಗೂ ಒಳಗೊಳಗೇ ಖುಷಿ. ಆ ಮೊಣಕೈ ಯಾರದೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಈಗ ಅದರ ಒಡತಿ ಅಂಗಾತ ಮಲಗಿದ್ದಳು. ಇನ್ನು ಏಳುವುದಿಲ್ಲವೆಂದು ಡಾಕ್ಟರು ಬೆಳಿಗ್ಗೆ ಅವನೊಬ್ಬನಿಗೇ ಹೇಳಿದ್ದರು. ಅವಳಿಗೆ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಮಳೆ ಬೀಳದಂತೆ ಮೇಲೆ ಚಾಚಿದ ಸಜ್ಜೆಯ ಅಡಿಭಾಗ ಮಾತ್ರ, ಅದೂ ಪಾಚಿಗಟ್ಟಿದ್ದು. ಅವನ ನಕ್ಷೆಗಳಲ್ಲಿ ಮನುಷ್ಯರು ಯಾವಾಗಲೂ ನಿಂತೇ ಇರುತ್ತಿದ್ದರು. ಆಸ್ಪತ್ರೆಯ ನಕ್ಷೆಯಲ್ಲೂ.

“ಮಂಚದ ತಲೆ ಕಡೆ ಸ್ವಲ್ಪ ಎತ್ತಬಹುದಾ?” ಎಂದು ಒಳಬಂದ ನರ್ಸನ್ನು ಕೇಳಿದ.

“ಬೆನ್ನು ಅಲುಗಾಡಬಾರದು ಸಾರ್,” ಎಂದು ನರ್ಸ್ ಹೊರಟುಹೋದಳು.

ಹೆಂಡತಿ ನಕ್ಕಳು. “ಊರಿಗೆಲ್ಲಾ ಕಿಟಕಿ ಇಟ್ರಿ. ಕಟ್ಟಿಕೊಂಡವಳಿಗೆ ಸಜ್ಜೆ! ದೀಪದ ಬುಡ ಕತ್ತಲು ಅಂತಾರಲ್ಲ, ಹಾಗೆ. ಹೋಗ್ಲಿ, ನೀವೇ ನೋಡಿ ಹೇಳಿ.”

ಅವನು ಮೊಣಕೈ ಊರಿ ನೋಡಿದ. ಎದುರಿಗೆ ಆಸ್ಪತ್ರೆಯ ಹೊಸ ಕಟ್ಟಡದ ಬೋಳು ಗೋಡೆ. ಅದೂ ಅವನದೇ.

“ಮರ ಇದೆ.”

“ಯಾವ ಮರ?”

ತಕ್ಷಣಕ್ಕೆ ಒಂದು ಹೆಸರೂ ಹೊಳೆಯಲಿಲ್ಲ. ನಕ್ಷೆಯಲ್ಲಿ ಮರವೆಂದರೆ ಒಂದು ಸೊನ್ನೆ.

“ದೊಡ್ಡದು.”

“ಗುಂಡಗಿದೆಯಾ? ನೀವು ಬರೆಯೋ ಹಾಗೆ?”

“ಹೂಂ. ಗುಂಡಗೇ ಇದೆ.”

ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ಇಷ್ಟು ವರ್ಷ ಜೊತೆಗಿದ್ದವಳ ಮೇಲೆ ಈಗ, ಈ ಹೊತ್ತಿನಲ್ಲಿ, ತಡೆಯಲಾರದಷ್ಟು ಪ್ರೀತಿ ಬಂದಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಚಪ್ಪಲಿ ಬಿಟ್ಟು, ಪಕ್ಕದ ಖಾಲಿ ಮಂಚದ ಮೇಲೆ ಅವಳ ಹಾಗೇ ಅಂಗಾತ ಮಲಗಿದ. ಮೇಲೆ ಬರೀ ಬಿಳಿ ಛಾವಣಿ. ಪ್ರತಿ ನಕ್ಷೆಯಲ್ಲೂ ಅವನು ಏನೂ ಬರೆಯದೆ ಬಿಟ್ಟ ಜಾಗ.

ಅವಳು ಕೈ ಚಾಚಿ ಅವನ ಮೊಣಕೈ ಹಿಡಿದಳು.

“ಎಲೆ ಅಲ್ಲಾಡ್ತಾ ಇದೆಯಾ?”

“ಹೂಂ,” ಎಂದ, ಆ ಬಿಳಿಯನ್ನೇ ನೋಡುತ್ತ. “ಅಲ್ಲಾಡ್ತಾ ಇದೆ.”