ಇನ್ನೂ ಹುಟ್ಟದವಳ ಸರದಿ

ಸೋಮವಾರ ಬೆಳಿಗ್ಗೆ ಆಸ್ಪತ್ರೆಯವರು ಟೈಲರಮ್ಮನ ಮಗಳನ್ನು ಡಯಾಲಿಸಿಸ್ ಸರದಿಯಿಂದ ತೆಗೆದುಹಾಕಿದರು.

ಯಾಕೆಂದು ಕೇಳಿದ್ದಕ್ಕೆ ಕೌಂಟರಿನವನು ತಲೆಯೆತ್ತದೆ ಹೇಳಿದ: “ಸಿಸ್ಟಮ್ ಪ್ರಕಾರ ನಿಮ್ಮ ಮಗಳು ಇನ್ನೂ ಹುಟ್ಟಿಲ್ಲಮ್ಮ.”

ಆಸ್ಪತ್ರೆಯ ಮುದಿ ಕಂಪ್ಯೂಟರಿಗೆ ತಾರೀಕು ಎಣಿಸಲು ಒಂದು ಮಿತಿಯಿತ್ತು. ಅದು ತುಂಬಿದ ದಿನ ಯಂತ್ರ ಕೈಯೆತ್ತುತ್ತದೆ ಎಂದು ರಿಪೇರಿಯವರು ವರ್ಷಗಟ್ಟಲೆ ಬಡಕೊಂಡಿದ್ದರು. ಮೇಲಿನವರು ಕಿವಿಗೆ ಹಾಕಿಕೊಳ್ಳದೆ ತಮ್ಮ ಮೀಟಿಂಗ್ ಕೋಣೆಗೆ ಹೊಸ ಸೋಫಾ ತರಿಸಿದರು. ಭಾನುವಾರ ಮಿತಿ ತುಂಬಿತು. ಆಗ ಸೂಪರಿಂಟೆಂಡೆಂಟ್ ಸಾಹೇಬರಿಗೆ ಮಹಾ ಉಪಾಯ ಹೊಳೆಯಿತು: ಗಡಿಯಾರವನ್ನು ಇಪ್ಪತ್ತೆಂಟು ವರ್ಷ ಹಿಂದಕ್ಕೆ ತಿರುಗಿಸಿಬಿಡಿ, ವಾರಕ್ಕೆ ತಾರೀಕು ಈ ವರ್ಷದಂತೆಯೇ ಸರಿಯಾಗಿ ಕೂರುತ್ತದೆ. ಕೂತಿತು. ಸಾಹೇಬರು ಬೆನ್ನು ತಟ್ಟಿಸಿಕೊಂಡರು. ಆ ತಾರೀಕಿಗಿಂತ ಈಚೆಗೆ ಹುಟ್ಟಿದವರನ್ನೆಲ್ಲ ಕಂಪ್ಯೂಟರ್ ಕಸದಂತೆ ಗುಡಿಸಿ ಹಾಕಿದ್ದು ಅವರಿಗೆ ಕಾಣಲಿಲ್ಲ. ಕಂಡಮೇಲೂ, ಬೆರಳೆಣಿಕೆಯ ಮಂದಿ ತಾನೇ, ಅಂದರಂತೆ.

ಆ ಬೆರಳೆಣಿಕೆಯಲ್ಲೊಬ್ಬಳು ಟೈಲರಮ್ಮನ ಹತ್ತೊಂಬತ್ತರ ಮಗಳು. ರೆಪ್ಪೆ ಊದಿಕೊಂಡು ಅವಳ ಕಣ್ಣು ಗುಂಡಿ ತೂರಿಸುವ ಕಾಜಾ ಸೀಳಿನಷ್ಟಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿಯೇ ಇರುತ್ತಿದ್ದಳು. ಇವತ್ತು ರಕ್ತ ಶುದ್ಧಿಯಾಗದಿದ್ದರೆ ಏನಾಗುತ್ತದೆಂದು ತಾಯಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಒಳಗೆ ಅವಳ ಹಾಸಿಗೆ ಖಾಲಿಯೇ ಬಿದ್ದಿತ್ತು. ಟೈಲರಮ್ಮ ಕೌಂಟರಿನವನನ್ನು ಅವನ ಪಾಡಿಗೆ ಬಿಟ್ಟು, ಮಗಳನ್ನು ನಡೆಸಿಕೊಂಡು ಹೋಗಿ ಅದರ ಮೇಲೆ ಒರಗಿಸಿ ಕೂರಿಸಿದಳು. ನರ್ಸಮ್ಮ ಏನೂ ಕೇಳದೆ ಯಂತ್ರಕ್ಕೆ ಕೊಳವೆ ಜೋಡಿಸತೊಡಗಿದಳು. ಅಷ್ಟರಲ್ಲಿ ಸಾಹೇಬರು ಬಂದರು.

ಹೊಸ ಕಂಪ್ಯೂಟರ್ ಬರುವವರೆಗೆ ಮನೆಯಲ್ಲಿಟ್ಟು ನೋಡಿಕೊಳ್ಳಿ, ಸರದಿಯಲ್ಲಿ ಹೆಸರಿಲ್ಲದವರಿಗೆ ಯಂತ್ರ ಹಚ್ಚುವಂತಿಲ್ಲ, ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು ಎಂದು ಬೆಣ್ಣೆಯಂಥ ದನಿಯಲ್ಲಿ ಶುರುವಿಟ್ಟರು.

ಟೈಲರಮ್ಮ ಅವರನ್ನು, ಒಳ್ಳೇ ಬಟ್ಟೆ ಕಚ್ಚಿ ಹಾಳುಮಾಡಿದ ಮೊಂಡು ಕತ್ತರಿಯನ್ನು ನೋಡುವಂತೆ ನೋಡಿದಳು.

“ಸಾಹೇಬ್ರಿಗೆ ವಯಸ್ಸೆಷ್ಟು?”

“ನಲವತ್ತು. ಯಾಕೆ?”

“ನೀವು ತಿರುಗಿಸಿದ ಗಡಿಯಾರದಲ್ಲಿ ಹನ್ನೆರಡು. ಸ್ಕೂಲಿಗೆ ಹೋಗಪ್ಪಾ, ಹೊತ್ತಾಯ್ತು.”

ಪಕ್ಕದ ಹಾಸಿಗೆಯ ಅಜ್ಜ ಕೊಳವೆ ಅಲುಗುವಷ್ಟು ನಕ್ಕ. ಸಾಹೇಬರ ಕಿವಿ ಕೆಂಪಗಾಯಿತು, ದನಿಯ ಬೆಣ್ಣೆ ಕರಗಿಹೋಯಿತು.

“ಎಬ್ಬಿಸ್ರೀ ಅವಳನ್ನ,” ಎಂದು ನರ್ಸಮ್ಮನನ್ನು ಗದರಿದರು.

ನರ್ಸಮ್ಮ ಹುಡುಗಿಯ ತೋಳು ಒರೆಸಿ, ಸೂಜಿ ಕೈಗೆತ್ತಿಕೊಂಡಳು.

“ಆಗಲ್ಲ ಸಾರ್.”