ಮಕಾರದ ಒತ್ತು

ಅಂಜನಮ್ಮನವರ ಟೈಪ್‌ರೈಟರು ಹದಿನಾಲ್ಕು ವರ್ಷ ದುಡಿದು, ಎಂಬತ್ತನಾಲ್ಕರ ಆಷಾಢದ ಒಂದು ಬೆಳಿಗ್ಗೆ, 'ಮಾನ್ಯರೇ' ಎಂಬ ಪದದ ನಡುವೆ ನಿಂತುಹೋಯಿತು. 'ಮಾನ' ಅಚ್ಚಾಗಿತ್ತು. ಯಕಾರದ ಒತ್ತು ಬೀಳುವ ಮೊದಲೇ ಒಳಗೇನೋ ಮುರಿದ ಸದ್ದಾಯಿತು.

"ಮಾನ ಉಳೀತು ಮೇಷ್ಟ್ರೇ, ಮಿಷನ್ ಹೋಯ್ತು," ಎಂದರು ಅಂಜನಮ್ಮ.

ರಾಜಾಜಿನಗರದ ಕಂದಾಯ ಕಚೇರಿಯ ಜಗಲಿಯಲ್ಲಿ ಅವರ ಪಕ್ಕದ ಸ್ಟೂಲು ನನ್ನದು. ಶಾಲೆಯಿಂದ ನಿವೃತ್ತನಾದ ಮೇಲೆ ಬರೆಯಲು ಬಾರದವರಿಗೆ ಅರ್ಜಿಯ ಕರಡು ಬರೆದುಕೊಡುತ್ತಿದ್ದೆ. ಅಂಜನಮ್ಮ ಅದನ್ನು ಟೈಪು ಮಾಡುತ್ತಿದ್ದರು. ಬಿಡುವಾದಾಗ ನಾನು ಹೊಸ ಕವಿತೆಗಳನ್ನು ಓದುತ್ತಿದ್ದೆ. ಒಂದು ಅಲ್ಪವಿರಾಮ ಜಾಗ ಬದಲಿಸಿದರೆ ಕವಿತೆಯ ಉಸಿರೇ ಬದಲಾಗುತ್ತದೆಂದು ನಂಬಿದ್ದ ನನಗೆ, ಅದೇ ನಿಯಮ ಅರ್ಜಿಗೂ ಸಲ್ಲುತ್ತದೆಂದು ಕಲಿಸಿದವರು ಆ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಜಗಲಿಯ ಆ ಮೂರಡಿ ಜಾಗವೇ ಅವರ ಬದುಕು.

ಹೊಸ ಯಂತ್ರ ಕೊಳ್ಳಲೇಬೇಕಿತ್ತು. ಯಾವ ಕಂಪನಿಯದನ್ನು ನಂಬುವುದು? ಅವರು ವಿಜಯನಗರದ ಮೆಕ್ಯಾನಿಕ್ ಹನುಮಂತಯ್ಯನವರನ್ನು ಕೇಳಿಬಂದರು. ಹನುಮಂತಯ್ಯನವರ ಉಪದೇಶವನ್ನು ಅವರದೇ ಧಾಟಿಯಲ್ಲಿ ನನಗೆ ಒಪ್ಪಿಸಿದರು: "ಕಂಪ್ನಿ ಹೆಸ್ರು ಮಿಷನ್ ಮೇಲಿರ್ತದೆ ಕಣಮ್ಮ, ಕೆಲ್ಸ ಮಾಡೋದು ಒಳಗಿರೋ ಕಬ್ಬಿಣ. ಅಂಗಡಿಯೋನು ಹೊಗಳೋದ್ನ ಕೇಳ್ಬೇಡ. ಒತ್ತು ಜಾಸ್ತಿ ಇರೋ ಹೆಸರೊಂದನ್ನ ಬಿರಬಿರನೆ ಹೊಡ್ದು ನೋಡು. ನಿಧಾನಕ್ಕೆ ಹೊಡುದ್ರೆ ಎಲ್ಲಾ ಮಿಷನ್ನೂ ಸಾಧುವೇ." ಅವರ ಬಳಿ ರಿಪೇರಿ ಮಾಡಿಟ್ಟ ಹಳೆಯ 'ಹಂಸ' ಒಂದಿತ್ತು. ಬಣ್ಣ ಹೋಗಿತ್ತು, ಮುಚ್ಚಳವಿರಲಿಲ್ಲ.

ಅಷ್ಟರಲ್ಲಿ ಜವಾನ ಬೈರಯ್ಯ ಬಂದು ಸಾಹೇಬರ ಮಾತು ತಲುಪಿಸಿದ. ಮುಂದಿನ ತಿಂಗಳಿನಿಂದ ಜಗಲಿಯಲ್ಲಿ ಕೂರುವವರೆಲ್ಲ 'ಅರುಣೋದಯ' ಕಂಪನಿಯ ಯಂತ್ರವನ್ನೇ ಇಟ್ಟುಕೊಳ್ಳಬೇಕು. ಅದು ನಂಬಿಕಸ್ಥ ಕಂಪನಿ. ಎಲ್ಲ ಅರ್ಜಿಗಳೂ ಒಂದೇ ರೀತಿ ಇರುತ್ತವೆ. ಉಳಿದಿಬ್ಬರು ಟೈಪಿಸ್ಟರು ಆಗಲೇ ಕೊಂಡಿದ್ದರು. ಸಾಹೇಬರು ಎಂದರೆ ಲಕ್ಷ್ಮೀಪತಿ; ಅರುಣೋದಯದ ಏಜೆಂಟ್ ಮುನಿರಾಜು ಅವರ ಭಾಮೈದ. ಜಗಲಿಯಲ್ಲಿ ಇದು ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ.

ಮರುದಿನ ಮುನಿರಾಜು ಯಂತ್ರ ಹೊತ್ತು ತಂದ. ತಿಳಿನೀಲಿ ಬಣ್ಣ, ಹೊಳೆಯುವ ಪೆಟ್ಟಿಗೆ, ಹಿಡಿ.

"ನೋಡಿ ಆಂಟಿ, ಸೂಟ್‌ಕೇಸ್ ಥರ. ಮದುವೆಗೂ ತಗೊಂಡು ಹೋಗ್ಬೋದು."

"ಮದುವೇಲಿ ಏನಪ್ಪಾ ಟೈಪ್ ಮಾಡೋದು, ಹೋಳಿಗೆನಾ?"

ಸುಂಕದಕಟ್ಟೆಯ ರೈತ ಚಿಕ್ಕಮುನಿಯಪ್ಪ ಅಲ್ಲಿಯೇ ಕೂತಿದ್ದ. ಖಾತೆಗಾಗಿ ಅವನು ಹಾಕಿದ್ದ ಅರ್ಜಿ, ಹೆಸರು ತಾಳೆಯಾಗುವುದಿಲ್ಲವೆಂದು ಎರಡನೇ ಸಲ ವಾಪಸಾಗಿತ್ತು. ಅದನ್ನು ಟೈಪು ಮಾಡಿದ್ದು ಪಕ್ಕದವರ ಹೊಸ ಅರುಣೋದಯದಲ್ಲಿ. ಅಂಜನಮ್ಮ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. 'ಚಿಕಮ್ಕುನಿಯಪ' ಎಂದಿತ್ತು. ಕೊನೆಯ ಪಕಾರದ ಒತ್ತು ಬದಿಯ ಖಾಲಿ ಜಾಗದಲ್ಲಿ ಒಂಟಿಯಾಗಿ ನಿಂತಿತ್ತು.

"ಇದ್ಯಾರು ತಾಯಿ?" ಎಂದ ಚಿಕ್ಕಮುನಿಯಪ್ಪ.

"ನೀನೇ ಕಣಪ್ಪ. ಅರುಣೋದಯದಲ್ಲಿ ಹುಟ್ಟಿದ್ದೀಯ."

ಒತ್ತಕ್ಷರದ ಕೀಲಿ ಒತ್ತಿದಾಗ ಹಾಳೆ ಮುಂದಕ್ಕೆ ಸರಿಯದೆ ನಿಲ್ಲಬೇಕು. ಒತ್ತು ಹಿಂದಿನ ಅಕ್ಷರದ ಕಾಲ ಬಳಿಯೇ ಬೀಳಬೇಕು. ಈ ಯಂತ್ರ ಬೆರಳು ಚುರುಕಾದೊಡನೆ ತಾನೇ ಒಂದು ಹೆಜ್ಜೆ ಮುಂದೋಡುತ್ತಿತ್ತು. ಅಂಜನಮ್ಮ ಮುನಿರಾಜುವಿನ ಯಂತ್ರಕ್ಕೆ ಹಾಳೆ ಸುತ್ತಿದರು. ಒತ್ತು ಜಾಸ್ತಿ ಇರುವ ಹೆಸರೊಂದನ್ನು ಹುಡುಕಲು ಅವರು ದೂರ ಹೋಗಬೇಕಿರಲಿಲ್ಲ. ಎದುರಿನ ಬಾಗಿಲ ಫಲಕದಲ್ಲಿಯೇ ಇತ್ತು. ಹತ್ತು ಸಾಲು, ಕಣ್ಣೆತ್ತದೆ, ಸುರಿದಂತೆ ಹೊಡೆದರು.

ಹತ್ತರಲ್ಲಿ ಏಳು ಸಾಲು 'ಲಕ್ಷೀಪ್ಮತಿ' ಎಂದಿದ್ದವು.

ಚಿಕ್ಕಮುನಿಯಪ್ಪನಿಗೆ ಓದು ಬಾರದು. ನಾನು ಓದಿ ಹೇಳಿದೆ. ಅವನು ಎರಡು ಬಾರಿ ಉಚ್ಚರಿಸಲು ಯತ್ನಿಸಿ, "ನಾಲ್ಗೆ ಉಳುಕ್ತದೆ ಸ್ವಾಮಿ," ಎಂದು ಕೈಬಿಟ್ಟ. ಜಗಲಿಯಲ್ಲಿ ನಗೆ ಎದ್ದಿತು. ಆ ಗದ್ದಲಕ್ಕೆ ಲಕ್ಷ್ಮೀಪತಿಯವರೇ ಹೊರಗೆ ಬಂದರು.

"ಏನಮ್ಮ ಇದು, ಸಂತೆನಾ?"

ಅಂಜನಮ್ಮ ಎದ್ದು ನಿಂತು ಹಾಳೆ ಕೊಟ್ಟರು. "ಹೊಸ ಮಿಷನ್ ಪರೀಕ್ಷೆ ಮಾಡ್ತಾ ಇದೀನಿ ಸಾರ್. ಮಕಾರದ ಒತ್ತು ನಿಮ್ಮನ್ನ ಬಿಟ್ಟು ಓಡೋಗ್ತಾ ಇದೆ."

ಅವರ ಮುಖ ಕೆಂಪಾಯಿತು. "ಒಂದು ಒತ್ತು ಅತ್ತಿತ್ತ ಆದ್ರೆ ಏನ್ ಮುಳುಗೋಯ್ತು? ಓದೋರಿಗೆ ಅರ್ಥವಾಗಲ್ವಾ?"

"ಈಯಪ್ಪನ ಅರ್ಜಿ ಒತ್ತು ಸರಿಯಿಲ್ಲ ಅಂತ ಎರಡು ಸಲ ವಾಪಸ್ ಬಂತಲ್ಲ ಸಾರ್. ವಾಪಸ್ ಕಳಿಸಿದ್ದು ನಿಮ್ಮ ಸಹಿಯೇ. ಅವನ ಹೆಸರಿಗೆ ಒತ್ತು ಬೇಕು, ನಿಮ್ಮ ಹೆಸರಿಗೆ ಬೇಡ ಅಂದ್ರೆ, ನಿಮ್ಮ ರಬ್ಬರ್ ಸ್ಟಾಂಪನ್ನೂ ಹಿಂಗೇ ಮಾಡಿಸ್ಬಿಡಿ."

ಮುನಿರಾಜು ನಡುವೆ ಬಾಯಿ ಹಾಕಿದ: "ಆಂಟಿ, ಸ್ವಲ್ಪ ನಿಧಾನಕ್ಕೆ ಹೊಡೀರಿ. ಕಂಪ್ನಿ ಮೇಲೆ ನಂಬಿಕೆ ಇಡ್ಬೇಕು."

"ನಂಬಿಕೆ ನಾನಿಡ್ತೀನಪ್ಪ, ಒತ್ತನ್ನ ಅದು ಇಡ್ಲಿ."

ಲಕ್ಷ್ಮೀಪತಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. "ನೋಡಮ್ಮ, ಜಗಲಿ ಕಚೇರಿದು. ಮೇಜೂ ಕಚೇರಿದೇ. ಅರುಣೋದಯ ಇದ್ರೆ ಕೂತ್ಕೋ. ಇಲ್ದಿದ್ರೆ ಜಾಗ ಖಾಲಿ ಮಾಡು."

ಉಳಿದಿಬ್ಬರು ಟೈಪಿಸ್ಟರು ತಲೆ ತಗ್ಗಿಸಿದರು. ಅಂಜನಮ್ಮ ಮಾತ್ರ ಅರುಣೋದಯದ ಪೆಟ್ಟಿಗೆಯನ್ನು ಮುಚ್ಚಿ, ಕೊಂಡಿ ಹಾಕಿ, ಹಿಡಿಯನ್ನು ಮುನಿರಾಜುವಿನ ಕೈಗೆ ಕೊಟ್ಟರು.

"ಮದುವೆಗೆ ತಗೊಂಡು ಹೋಗಪ್ಪ."

ಎರಡು ದಿನ ಅವರು ಕಾಣಲಿಲ್ಲ. ಮೂರನೆಯ ಬೆಳಿಗ್ಗೆ ಕಚೇರಿಯ ಕಾಂಪೌಂಡಿನ ಹೊರಗೆ, ಹೊಂಗೆಮರದ ಕಟ್ಟೆಯ ಮೇಲೆ ಕೂತಿದ್ದರು. ಮೇಜಿಲ್ಲ. ಬಣ್ಣ ಹೋದ 'ಹಂಸ' ಅವರ ಮಡಿಲಲ್ಲಿತ್ತು. ಕಬ್ಬಿಣದ ಭಾರಕ್ಕೆ ತೊಡೆ ನೋಯದಿರಲೆಂದು ಚಿಕ್ಕಮುನಿಯಪ್ಪ ತನ್ನ ಟವೆಲನ್ನು ನಾಲ್ಕು ಪದರ ಮಡಚಿ ಕೆಳಗೆ ಇಟ್ಟಿದ್ದ. ನಾನೂ ಜಗಲಿಯಿಂದ ಸ್ಟೂಲು ಎತ್ತಿಕೊಂಡು ಹೋದೆ. ಅದು ನನ್ನ ಸ್ವಂತದ್ದು.

ಮೊದಲು ಚಿಕ್ಕಮುನಿಯಪ್ಪನ ಅರ್ಜಿ. ಅವನ ಎರಡು ಒತ್ತುಗಳೂ ತಂತಮ್ಮ ಅಕ್ಷರದ ಪಾದದಲ್ಲಿ ನೆಟ್ಟಗೆ ಕೂತವು. ಹಾಳೆಯನ್ನು ಅವನು ಎರಡು ಕೈಯಲ್ಲಿ ಹಿಡಿದು, ಓದು ಬಾರದಿದ್ದರೂ ಬಹಳ ಹೊತ್ತು ನೋಡಿದ.

ಆಮೇಲೆ ಅಂಜನಮ್ಮ ನನ್ನತ್ತ ತಿರುಗಿದರು. "ನಂದೂ ಒಂದು ಅರ್ಜಿ ಇದೆ ಮೇಷ್ಟ್ರೇ. ಕರಡು ಹೇಳಿ. ಅರುಣೋದಯವೇ ಆಗ್ಬೇಕು ಅನ್ನೋ ಆರ್ಡರ್‌ನ ಬೈರಯ್ಯನ ಬಾಯಲ್ಲಿ ಕೇಳಿದ್ದೀನಿ, ಕಾಗದದಲ್ಲಿ ನೋಡಿಲ್ಲ. ನಕಲು ಕೊಡಿ ಅಂತ ಕೇಳ್ಬೇಕು. ಅದನ್ನ ಹಿಡ್ಕೊಂಡು ಮೇಲಿನ ಸಾಹೇಬರ ಹತ್ರ ಹೋಗ್ತೀನಿ."

ನಾನು ಹೇಳತೊಡಗಿದೆ: "ಮಾನ್ಯರೇ, ತಮ್ಮಲ್ಲಿ ವಿನಮ್ರಳಾಗಿ ಕೇಳಿಕೊಳ್ಳುವುದೇನೆಂದರೆ..."

'ಮಾನ್ಯರೇ' ಪೂರ್ತಿಯಾಗಿ ಅಚ್ಚಾಯಿತು. ಯಕಾರದ ಒತ್ತು ಬಿದ್ದ ಸದ್ದನ್ನು ನಾನು ಕೇಳಿದೆ. ಆಮೇಲೆ ಅವರ ಬೆರಳುಗಳು ನಿಂತವು.

"ವಿನಮ್ರ ತೆಗೀರಿ ಮೇಷ್ಟ್ರೇ."

"ಅದು ಪದ್ಧತಿ ಅಲ್ಲವೇ ತಾಯಿ?"

"ಅದರಲ್ಲೂ ಒಂದು ಒತ್ತು ಇದೆ. ಅವರಿಗೆ ಅದನ್ನ ದಂಡ ಮಾಡಲ್ಲ."

ವಿಳಾಸದಲ್ಲಿ ಮಾತ್ರ ಅವರು ಜಿಪುಣತನ ತೋರಲಿಲ್ಲ. 'ಲಕ್ಷ್ಮೀಪತಿಯವರಿಗೆ' ಎಂದು, ಮಕಾರದ ಒತ್ತನ್ನು ಅದರ ಜಾಗದಲ್ಲಿಯೇ ಕೂರಿಸಿ ಹೊಡೆದರು. ಮಡಿಲ ಯಂತ್ರವನ್ನು ನನ್ನ ಕೈಗಿತ್ತು, ಸೆರಗು ಕೊಡವಿಕೊಂಡು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಲು ಗೇಟಿನೊಳಗೆ ನಡೆದರು.